ಹಳೆಯ ಕಾರಿನ ಆಕ್ಸಿಜನ್ ಸೆನ್ಸರ್: ಕೆಟ್ಟಿರುವುದು ಸೆನ್ಸರೋ, ಅದರ ತಂತಿಯೋ?

ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಎಂಜಿನ್ ದೀಪ ಉರಿಯತೊಡಗುತ್ತದೆ. ಪೆಟ್ರೋಲ್ ಎಂದಿಗಿಂತ ಬೇಗ ಮುಗಿಯುತ್ತದೆ. ಹೊಗೆ ತಪಾಸಣೆಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿದೆಯೆಂದು ಪ್ರಮಾಣಪತ್ರ ನಿರಾಕರಿಸುತ್ತಾರೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದವರು “ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು” ಎನ್ನುತ್ತಾರೆ. ಸಾವಿರಾರು ರೂಪಾಯಿ ತೆತ್ತು ಹೊಸ ಸೆನ್ಸರ್ ಹಾಕಿಸಿದ ಮೇಲೂ ಕೆಲವೊಮ್ಮೆ ಆ ದೀಪ ಆರುವುದಿಲ್ಲ. ಕಾರಣ, ಕೆಟ್ಟಿದ್ದದ್ದು ಸೆನ್ಸರಿನಿಂದ ಎಂಜಿನ್ ಕಂಪ್ಯೂಟರಿಗೆ ಹೋಗುವ ತಂತಿ. ಇಲಿ ಕಡಿದದ್ದೋ, ಸೈಲೆನ್ಸರಿನ ಕೊಳವೆಗೆ ತಾಗಿ ಕರಗಿದದ್ದೋ, ಮಳೆನೀರಿಗೆ ತುಕ್ಕು ಹಿಡಿದದ್ದೋ ಆಗಿರುತ್ತದೆ.

ಕನ್ನಡ ಮಾಧ್ಯಮದ ಶಾಲೆ ಮನೆಯಿಂದ ದೂರವಿರುವ ಗಡಿನಾಡಿನ ಊರುಗಳಲ್ಲಿ ಒಂದು ಹಳೆಯ ಓಮ್ನಿಯೋ ಆಲ್ಟೊವೋ ಇಡೀ ಕುಟುಂಬದ ದಿನಚರಿಯನ್ನು ಹೊತ್ತು ನಡೆಯುತ್ತಿರುತ್ತದೆ. ಅದು ಒಂದು ವಾರ ನಿಂತರೆ ಮಕ್ಕಳ ಪಾಠವೂ ನಿಂತಂತೆಯೇ. ಹೀಗಾಗಿ ಈ ಚಿಕ್ಕ ದೋಷವನ್ನು ಸರಿಯಾಗಿ ಗುರುತಿಸುವುದು, ಸರಿಯಾಗಿ ದುರಸ್ತಿ ಮಾಡಿಸುವುದು ಹೇಗೆಂದು ತಿಳಿದಿರುವುದು ಉಪಯುಕ್ತ. ಕೆಲಸವನ್ನು ಸ್ವತಃ ಮಾಡದಿದ್ದರೂ, ಮಾಡುವವರನ್ನು ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಎಲ್ಲ ಪಾಲಕರಿಗೂ ಎಟಕುವಂಥದ್ದು.

ಸೆನ್ಸರ್ ಮಾಡುವ ಕೆಲಸ

ಪೆಟ್ರೋಲ್ ಪೂರ್ಣವಾಗಿ ಉರಿಯಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರ್ಧ ಉರಿದ ಇಂಧನ ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬರುತ್ತದೆ. ಗಾಳಿ ಹೆಚ್ಚಾದರೆ ಎಂಜಿನ್ ಎಳೆಯುವ ಶಕ್ತಿ ಕುಂದುತ್ತದೆ, ನೈಟ್ರೋಜನ್ ಆಕ್ಸೈಡುಗಳ ನಿಯಂತ್ರಣ ತಪ್ಪುತ್ತದೆ. ಎಂಜಿನ್ನಿನಿಂದ ಹೊರಬರುವ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ನೋಡಿ ಕಂಪ್ಯೂಟರಿಗೆ ತಿಳಿಸುವುದು ಆಕ್ಸಿಜನ್ ಸೆನ್ಸರಿನ ಕೆಲಸ. ಆ ಸುದ್ದಿಯನ್ನು ಆಧರಿಸಿ ಕಂಪ್ಯೂಟರ್ ಇಂಧನವನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತದೆ.

ಸೆನ್ಸರಿನ ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್ ವಸ್ತು. ಅದರ ಒಂದು ಮೈ ಹೊಗೆಗೆ, ಇನ್ನೊಂದು ಮೈ ಹೊರಗಿನ ಗಾಳಿಗೆ ತೆರೆದಿರುತ್ತದೆ. ಎರಡೂ ಕಡೆ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದಾಗ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1920ರ ರಸಾಯನಶಾಸ್ತ್ರದ ನೊಬೆಲ್ ಪಡೆದ ವಾಲ್ಟರ್ ನರ್ನ್‌ಸ್ಟ್ ಅವರ ಹೆಸರಿನ ಸಮೀಕರಣ ಹೈಯರ್ ಸೆಕೆಂಡರಿಯ ಪಠ್ಯದಲ್ಲಿದೆ. ಈ ಸೆನ್ಸರ್ ಆ ಸಮೀಕರಣದ ನಡೆದಾಡುವ ಉದಾಹರಣೆ. ಹೊಗೆಯಲ್ಲಿ ಆಮ್ಲಜನಕ ಉಳಿದಿಲ್ಲವಾದರೆ, ಅಂದರೆ ಇಂಧನ ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್, ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟ್. ಒಂದು ವೋಲ್ಟಿಗಿಂತಲೂ ಕಡಿಮೆಯಾದ ಈ ಸಂಕೇತವನ್ನು ಹೊರುವ ತಂತಿಯಲ್ಲಿ ಸ್ವಲ್ಪ ದೋಷ ಬಂದರೂ ಸುದ್ದಿ ಪೂರ್ತಿಯಾಗಿ ತಿರುಚಿಹೋಗುತ್ತದೆ.

ಜಿರ್ಕೋನಿಯಾ ಕೆಲಸ ಮಾಡಬೇಕಾದರೆ ಅದು 300 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚು ಬಿಸಿಯಾಗಿರಬೇಕು. ಬೇಗ ಬಿಸಿಯಾಗಲೆಂದು ಒಳಗೆ ಒಂದು ಹೀಟರ್ ಇರಿಸಿರುತ್ತಾರೆ. ಬಾಷ್ ಸಂಸ್ಥೆಯ ಸೆನ್ಸರ್ ವೋಲ್ವೊ ಕಾರಿನಲ್ಲಿ ಮೊದಲು ಬಳಕೆಗೆ ಬಂದದ್ದು 1976ರಲ್ಲಿ. ಸೀಸ ಬೆರೆತ ಪೆಟ್ರೋಲ್ ಈ ಸೆನ್ಸರನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಎಲ್ಲೆಡೆ ಜಾರಿಯಾದದ್ದು 2000ದಲ್ಲಿ. ಇಂಜೆಕ್ಷನ್ ಎಂಜಿನ್ನಿನ ಕಾರುಗಳು ಸಾಮಾನ್ಯವಾದದ್ದೂ ಸುಮಾರು ಆ ಹೊತ್ತಿಗೇ. ಕಾರ್ಬ್ಯುರೇಟರ್ ಇರುವ ಇನ್ನೂ ಹಳೆಯ ಕಾರುಗಳಿಗೆ ಸಾಮಾನ್ಯವಾಗಿ ಈ ಲೇಖನ ಅನ್ವಯಿಸದು.

ನಾಲ್ಕು ತಂತಿಗಳು

ಸೆನ್ಸರಿನಿಂದ ಒಂದರಿಂದ ನಾಲ್ಕು ತಂತಿಗಳು ಹೊರಡಬಹುದು. ಒಂದೇ ತಂತಿಯಿದ್ದರೆ ಅದು ಸಂಕೇತದ ತಂತಿ; ಸೆನ್ಸರಿನ ಲೋಹದ ಮೈಯೇ ಅರ್ಥ್ ಆಗುತ್ತದೆ. ಮೂರು ತಂತಿಯಿದ್ದರೆ ಎರಡು ಹೀಟರಿನವು, ಒಂದು ಸಂಕೇತದ್ದು. ನಾಲ್ಕಿದ್ದರೆ ಸಂಕೇತಕ್ಕೆ ಪ್ರತ್ಯೇಕ ಅರ್ಥ್ ತಂತಿಯೂ ಇರುತ್ತದೆ. ಬಾಷ್ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಎರಡು ಬಿಳಿ ತಂತಿಗಳು ಹೀಟರಿಗೆ, ಕಪ್ಪು ಸಂಕೇತಕ್ಕೆ, ಬೂದು ಅರ್ಥಿಗೆ. ಡೆನ್ಸೊ ಸೆನ್ಸರುಗಳಲ್ಲಿ ಎರಡು ಕಪ್ಪು ತಂತಿಗಳು ಹೀಟರಿಗೆ, ನೀಲಿ ಸಂಕೇತಕ್ಕೆ, ಬಿಳಿ ಅರ್ಥಿಗೆ. ಕಪ್ಪು ತಂತಿ ಒಂದರಲ್ಲಿ ಸಂಕೇತ, ಇನ್ನೊಂದರಲ್ಲಿ ಹೀಟರ್ ಎಂಬುದನ್ನು ಗಮನಿಸಬೇಕು. ಒಂದು ಕಂಪನಿಯ ಬಣ್ಣವನ್ನು ನಂಬಿ ಇನ್ನೊಂದರ ತಂತಿ ಜೋಡಿಸಿದರೆ ಸಂಕೇತದ ದಾರಿಗೆ 12 ವೋಲ್ಟ್ ನುಗ್ಗುವ ಅಪಾಯವಿದೆ.

ಕನೆಕ್ಟರಿನ ಆಚೆ, ಕಾರಿನ ವೈರಿಂಗ್ ಕಡೆಯಲ್ಲಿ, ಬಣ್ಣಗಳು ಬೇರೆಯೇ ಇರುತ್ತವೆ. ಆದ್ದರಿಂದ ಯಾವ ತಂತಿ ಯಾವುದಕ್ಕೆಂದು ಬಣ್ಣದಿಂದ ತೀರ್ಮಾನಿಸದೆ, ಕನೆಕ್ಟರಿನಲ್ಲಿ ಅದು ಕುಳಿತಿರುವ ಸ್ಥಾನದಿಂದ ತೀರ್ಮಾನಿಸಬೇಕು. ಕತ್ತರಿಸುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಐದು ಅಥವಾ ಆರು ತಂತಿಗಳಿರುವ ವೈಡ್‌ಬ್ಯಾಂಡ್ ಸೆನ್ಸರುಗಳ ವಿಧಾನ ಬೇರೆ. ಅವುಗಳಲ್ಲಿ ಹಲವಕ್ಕೆ ಕನೆಕ್ಟರಿನೊಳಗೇ ಹೊಂದಾಣಿಕೆಯ ರೆಸಿಸ್ಟರ್ ಇರುವುದರಿಂದ ಕನೆಕ್ಟರನ್ನು ಕತ್ತರಿಸಬಾರದು.

ತಂತಿ ಕೆಟ್ಟಾಗ ಕಂಪ್ಯೂಟರ್ ಏನೆಂದುಕೊಳ್ಳುತ್ತದೆ

ಸಂಕೇತದ ತಂತಿಯ ಹೊದಿಕೆ ಹರಿದು ಕಾರಿನ ಲೋಹದ ಮೈಗೆ ತಾಗಿದೆ ಎಂದುಕೊಳ್ಳೋಣ. ಆಗ ವೋಲ್ಟೇಜ್ ಸದಾ ಸೊನ್ನೆ. ಹೊಗೆಯಲ್ಲಿ ಆಮ್ಲಜನಕ ಬಹಳ ಉಳಿದಿದೆ, ಇಂಧನ ಸಾಲದು ಎಂದು ಕಂಪ್ಯೂಟರ್ ಭಾವಿಸಿ ಪೆಟ್ರೋಲ್ ಹೆಚ್ಚಿಸುತ್ತದೆ. ಹೆಚ್ಚಿಸಿದರೂ ಸುದ್ದಿ ಬದಲಾಗದು, ಇನ್ನಷ್ಟು ಹೆಚ್ಚಿಸುತ್ತದೆ. ಪರಿಣಾಮವಾಗಿ ಮೈಲೇಜ್ ಕುಸಿಯುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಉರಿಯದ ಇಂಧನ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಅತಿಯಾಗಿ ಬಿಸಿ ಮಾಡುತ್ತದೆ. ಕನ್ವರ್ಟರ್ ಕೆಟ್ಟರೆ ತಗಲುವ ವೆಚ್ಚದ ಮುಂದೆ ಸೆನ್ಸರಿನ ಬೆಲೆ ಏನೂ ಅಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಸಂಕೇತದ ತಂತಿ ಹೀಟರಿನ 12 ವೋಲ್ಟ್ ತಂತಿಗೆ ತಾಗಿದರೆ ಇಂಧನ ಹೆಚ್ಚಾಗಿದೆಯೆಂದು ಭಾವಿಸಿ ಪೆಟ್ರೋಲ್ ಕಡಿತವಾಗುತ್ತದೆ, ಎಂಜಿನ್ ತಡವರಿಸುತ್ತದೆ. ತಂತಿ ಪೂರ್ತಿ ತುಂಡಾಗಿದ್ದರೆ ಹಲವು ಕಾರುಗಳಲ್ಲಿ ಸಂಕೇತ ಸುಮಾರು 0.45 ವೋಲ್ಟಿನಲ್ಲಿ ಅಲುಗಾಡದೆ ನಿಂತುಬಿಡುತ್ತದೆ.

ಸ್ಕ್ಯಾನರಿನಲ್ಲಿ ಕಾಣುವ ಸಂಖ್ಯೆಗಳು ಈ ಭೇದವನ್ನೇ ಹೇಳುತ್ತವೆ. ಕನ್ವರ್ಟರಿಗೆ ಮೊದಲಿರುವ ಸೆನ್ಸರಿಗೆ ಸಂಬಂಧಿಸಿ ಪಿ0131 ಎಂದರೆ ಕಡಿಮೆ ವೋಲ್ಟೇಜ್, ಪಿ0132 ಎಂದರೆ ಹೆಚ್ಚು ವೋಲ್ಟೇಜ್, ಪಿ0133 ಎಂದರೆ ನಿಧಾನ ಪ್ರತಿಕ್ರಿಯೆ, ಪಿ0134 ಎಂದರೆ ಚಲನೆಯೇ ಇಲ್ಲ, ಪಿ0135 ಎಂದರೆ ಹೀಟರಿನ ಸರ್ಕ್ಯೂಟಿನಲ್ಲಿ ದೋಷ. ಕನ್ವರ್ಟರಿನ ನಂತರದ ಸೆನ್ಸರಿನ ಹೀಟರಿಗೆ ಪಿ0141. ಇವುಗಳಲ್ಲಿ ಯಾವುದೂ “ಸೆನ್ಸರ್ ಬದಲಿಸಿ” ಎಂದು ಹೇಳುವುದಿಲ್ಲ. ಸೆನ್ಸರ್, ತಂತಿ, ಕನೆಕ್ಟರ್, ಫ್ಯೂಸ್ ಇವೆಲ್ಲ ಸೇರಿದ ಸರ್ಕ್ಯೂಟಿನಲ್ಲಿ ಎಲ್ಲೋ ದೋಷವಿದೆ ಎಂಬಷ್ಟೇ ಅದರ ಅರ್ಥ. ಎಲ್ಲಿ ಎಂಬುದನ್ನು ಮನುಷ್ಯನೇ ಹುಡುಕಬೇಕು.

ಪರೀಕ್ಷೆಯ ಕ್ರಮ

ಮೊದಲನೆಯದು ಸುರಕ್ಷತೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕಾರಿನ ಕೆಳಗೆ ಹೋಗಬೇಕಾದರೆ ಬರಿಯ ಜ್ಯಾಕನ್ನು ನಂಬದೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರಗಳಿಗೆ ಅಡ್ಡ ಕೊಡಬೇಕು.

ಎರಡನೆಯದು ಕಣ್ಣಿನ ಪರೀಕ್ಷೆ. ಸೆನ್ಸರಿನಿಂದ ಕನೆಕ್ಟರಿನವರೆಗೆ, ಅಲ್ಲಿಂದ ಮುಂದಕ್ಕೆ, ಟಾರ್ಚ್ ಹಿಡಿದು ತಂತಿಯ ಉದ್ದಕ್ಕೂ ನೋಡಬೇಕು. ಹೊದಿಕೆ ಕರಗಿದೆಯೇ, ಹಲ್ಲಿನ ಗುರುತಿದೆಯೇ, ಹಿಡಿದಿಡುವ ಕ್ಲಿಪ್ ಮುರಿದು ತಂತಿ ಜೋತಾಡುತ್ತಿದೆಯೇ, ಕನೆಕ್ಟರಿನೊಳಗೆ ಹಸಿರು ಕಿಲುಬಿದೆಯೇ? ಹೀಟರಿನ ಫ್ಯೂಸನ್ನೂ ಈ ಹಂತದಲ್ಲೇ ನೋಡಬೇಕು. ದೋಷ ಇಲ್ಲಿಯೇ ಕಂಡುಬರುವುದು ಅಪರೂಪವಲ್ಲ.

ಮೂರನೆಯದು ಹೀಟರ್. ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಎರಡು ಹೀಟರ್ ತಂತಿಗಳ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಸಾಮಾನ್ಯವಾಗಿ 2ರಿಂದ 15 ಓಮ್ ನಡುವೆ ಬರುತ್ತದೆ. ನಿಖರವಾದ ಮೌಲ್ಯ ಆ ಕಾರಿನ ಕೈಪಿಡಿಯಲ್ಲಿರುತ್ತದೆ. ಮೀಟರ್ ಅನಂತ ರೋಧ ತೋರಿಸಿದರೆ ಹೀಟರ್ ಅಥವಾ ಅದರ ತಂತಿ ತುಂಡಾಗಿದೆ. ಸಂಕೇತದ ತಂತಿಯ ಮೇಲೆ ಮಾತ್ರ ರೋಧ ಅಳೆಯುವ ಪ್ರಯೋಗ ಬೇಡ. ಮೀಟರ್ ಹರಿಸುವ ಪ್ರವಾಹ ಸೆನ್ಸರಿಗೆ ಒಳ್ಳೆಯದಲ್ಲ.

ನಾಲ್ಕನೆಯದು ಹೀಟರಿಗೆ ಬರುವ ವಿದ್ಯುತ್. ಕೀ ತಿರುಗಿಸಿದಾಗ ಕಾರಿನ ಕಡೆಯ ಕನೆಕ್ಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಬರಬೇಕು. ಕೆಲವು ಕಾರುಗಳಲ್ಲಿ ಅದಕ್ಕೆ ಎಂಜಿನ್ ಚಾಲೂ ಆಗಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಬಹುತೇಕ ಪ್ರವಾಹವನ್ನೇ ಎಳೆಯುವುದಿಲ್ಲ. ಆದ್ದರಿಂದ ಆ ತಂತಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದನ್ನು ಜೋಡಿಸಿ ನೋಡಬೇಕು. ಪ್ರಖರವಾಗಿ ಉರಿದರೆ ತಂತಿ ಸರಿಯಿದೆ. ಮಂಕಾದರೆ ದಾರಿಯಲ್ಲಿ ಎಲ್ಲೋ ಅಡಚಣೆಯಿದೆ. ಬಲ್ಬಿನ ಈ ಪರೀಕ್ಷೆ ಹೀಟರಿನ ವಿದ್ಯುತ್ ತಂತಿಗೆ ಮಾತ್ರ. ಸಂಕೇತದ ತಂತಿಗೆ ಎಂದಿಗೂ ಕೂಡದು.

ಈ ಅಡಚಣೆಯ ಪರಿಣಾಮವನ್ನು ಹತ್ತನೆಯ ತರಗತಿಯ ಓಮನ ನಿಯಮದಿಂದಲೇ ಲೆಕ್ಕ ಹಾಕಬಹುದು. ಹೀಟರಿನ ರೋಧ 6 ಓಮ್, ವೋಲ್ಟೇಜ್ 12 ಎಂದಾದರೆ ಪ್ರವಾಹ 2 ಆಂಪಿಯರ್, ಸಾಮರ್ಥ್ಯ 24 ವ್ಯಾಟ್. ಕಿಲುಬು ಹಿಡಿದ ಜೋಡಣೆಯಲ್ಲಿ 2 ಓಮ್ ರೋಧ ಸೇರಿಕೊಂಡರೆ ಒಟ್ಟು 8 ಓಮ್; ಪ್ರವಾಹ 1.5 ಆಂಪಿಯರಿಗೆ ಇಳಿಯುತ್ತದೆ. ಹೀಟರಿಗೆ ದಕ್ಕುವುದು 1.5 ಗುಣಿಸು 1.5 ಗುಣಿಸು 6, ಅಂದರೆ 13.5 ವ್ಯಾಟ್. ಎರಡೇ ಓಮ್ ಹೆಚ್ಚಾದದ್ದಕ್ಕೆ ಶಾಖ ಅರ್ಧದ ಸಮೀಪಕ್ಕೆ ಕುಸಿಯಿತು. ಬಿಸಿಯಾದಂತೆ ಹೀಟರಿನ ರೋಧವೂ ಏರುವುದರಿಂದ ನಿಜವಾದ ಅಂಕಿಗಳು ಸ್ವಲ್ಪ ಬೇರೆಯಾಗುತ್ತವೆ, ತತ್ತ್ವ ಮಾತ್ರ ಇದೇ. ಮನೆಯ ಮಕ್ಕಳಿಗೆ ಈ ಲೆಕ್ಕವನ್ನು ಕೊಟ್ಟು ನೋಡಿ. ಪಠ್ಯದ ಸರಣಿ ಜೋಡಣೆ ಯಾತಕ್ಕೆಂಬ ಪ್ರಶ್ನೆ ಮತ್ತೆ ಬಾರದು.

ಐದನೆಯದು ಸಂಕೇತದ ತಂತಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಂಜಿನ್ ಕಂಪ್ಯೂಟರಿನ ಕನೆಕ್ಟರನ್ನೂ ಬಿಚ್ಚಿದ ನಂತರ, ತಂತಿಯ ಎರಡು ತುದಿಗಳ ನಡುವಣ ರೋಧ ಒಂದು ಓಮಿಗಿಂತ ಕಡಿಮೆಯಿರಬೇಕು. ಅದೇ ತಂತಿಗೂ ಕಾರಿನ ಮೈಗೂ ನಡುವೆ ಯಾವ ಸಂಪರ್ಕವೂ ಇರಬಾರದು. ಅಳೆಯುವಾಗ ತಂತಿಯನ್ನು ಮೆಲ್ಲಗೆ ಅಲುಗಾಡಿಸಬೇಕು. ಒಳಗೆ ತುಂಡಾಗಿ ಆಗಾಗ ತಾಗುವ ತಂತಿ ಹಾಗೆ ಮಾಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಸೂಜಿಯಿಂದ ಹೊದಿಕೆ ಚುಚ್ಚಿ ಪರೀಕ್ಷಿಸುವ ಅಭ್ಯಾಸ ಒಳ್ಳೆಯದಲ್ಲ. ಆ ರಂಧ್ರದಿಂದ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ.

ಸೆನ್ಸರ್ ಕಡೆಯ ತಂತಿಗೆ ಬೆಸುಗೆ ಏಕೆ ಬೇಡ

ದೋಷ ಕನೆಕ್ಟರಿನ ಯಾವ ಕಡೆ ಇದೆ ಎಂಬುದರ ಮೇಲೆ ದುರಸ್ತಿಯ ವಿಧಾನ ನಿಂತಿದೆ. ಕಾರಿನ ಕಡೆಯಲ್ಲಿರುವುದು ಸಾಮಾನ್ಯ ತಾಮ್ರದ ತಂತಿ. ಅದನ್ನು ಕ್ರಮಬದ್ಧವಾಗಿ ಜೋಡಿಸಬಹುದು. ಸೆನ್ಸರಿನಿಂದ ಕನೆಕ್ಟರಿನವರೆಗಿನ ತಂತಿ ಬೇರೆಯೇ ಜಾತಿಯದು.

ಜಿರ್ಕೋನಿಯಾದ ಒಂದು ಮೈಗೆ ಹೊರಗಿನ ಗಾಳಿ ಬೇಕೆಂದು ಮೇಲೆ ಹೇಳಿದೆ. ಹಲವು ಸೆನ್ಸರುಗಳಲ್ಲಿ ಆ ಗಾಳಿ ತಲುಪುವುದು ತಂತಿಯ ಎಳೆಗಳ ನಡುವಣ ಸೂಕ್ಷ್ಮ ಸಂದಿನ ಮೂಲಕ. ಅಲ್ಲಿ ಬೆಸುಗೆ ಹಾಕಿದರೆ ಕರಗಿದ ಸೀಸವೂ ಫ್ಲಕ್ಸೂ ಎಳೆಗಳ ನಡುವೆ ಹರಿದು ಗಾಳಿಯ ದಾರಿಯನ್ನು ಮುಚ್ಚುತ್ತವೆ. ಆಗ ತಂತಿ ಗಟ್ಟಿಯಾಗಿ ಕೂಡಿರುತ್ತದೆ, ಸೆನ್ಸರ್ ಮಾತ್ರ ತಪ್ಪು ಹೇಳುತ್ತದೆ. ಇದಲ್ಲದೆ ಆ ತಂತಿಯ ಎಳೆಗಳು ಹಲವು ಬಾರಿ ಸ್ಟೀಲಿನವು ಅಥವಾ ನಿಕಲ್ ಲೇಪಿತವಾಗಿದ್ದು ಬೆಸುಗೆ ಹಿಡಿಯುವುದೂ ಕಷ್ಟ. ಸಾಮಾನ್ಯ ಬೆಸುಗೆಯ ಸೀಸ ಸುಮಾರು 185 ಡಿಗ್ರಿಗೇ ಕರಗುತ್ತದೆ. ಹೊಗೆಕೊಳವೆಯ ಪಕ್ಕದಲ್ಲಿ ಅದನ್ನು ನಂಬುವಂತಿಲ್ಲ. ಇದೇ ಕಾರಣಕ್ಕೆ ಈ ಕನೆಕ್ಟರಿನೊಳಗೆ ಗ್ರೀಸ್ ತುಂಬುವುದು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದು ಕೂಡದು.

ಸೆನ್ಸರ್ ಕಡೆಯ ತಂತಿ ಹಾಳಾಗಿದ್ದರೆ ಅತ್ಯುತ್ತಮ ದಾರಿ, ಆ ಕಾರಿಗೆಂದೇ ತಯಾರಾದ ಕನೆಕ್ಟರ್ ಸಹಿತ ಹೊಸ ಸೆನ್ಸರ್ ಹಾಕುವುದು. ಕನೆಕ್ಟರ್ ಇಲ್ಲದ ಯೂನಿವರ್ಸಲ್ ಸೆನ್ಸರುಗಳೂ ದೊರೆಯುತ್ತವೆ. ಹಳೆಯ ಕನೆಕ್ಟರನ್ನು ಕತ್ತರಿಸಿ, ಅದರೊಡನೆ ಬರುವ ಜೋಡಣೆಯ ಸಾಮಗ್ರಿಯಿಂದಲೇ ಕೂಡಿಸಬೇಕು. ಸೆನ್ಸರ್ ಹೊಸದಾಗಿದ್ದು ತಂತಿ ಮಾತ್ರ ಕನೆಕ್ಟರಿನ ಸಮೀಪ ತುಂಡಾಗಿದ್ದರೆ ಬೆಸುಗೆಯಿಲ್ಲದೆ ಕ್ರಿಂಪ್ ಮಾಡಿ ಜೋಡಿಸುವುದುಂಟು. ಅದು ಎಷ್ಟು ಕಾಲ ಬಾಳುವುದೋ ಹೇಳಲಾಗದೆಂಬ ಅರಿವಿನೊಂದಿಗೆ ಮಾಡಬೇಕಾದ ಕೆಲಸ.

ಕಾರಿನ ಕಡೆಯ ತಂತಿಯ ಜೋಡಣೆ

ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆ ಹಾಳಾದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ತಾಮ್ರದ ಎಳೆ ಹೊಳೆಯುವ ಬಣ್ಣದಲ್ಲಿರಬೇಕು. ಕಪ್ಪಾಗಿದ್ದರೆ ಇನ್ನೂ ಸ್ವಲ್ಪ ಹಿಂದಕ್ಕೆ ಕತ್ತರಿಸಬೇಕು. ತಂತಿ ಗಿಡ್ಡವಾದರೆ ಅದೇ ದಪ್ಪದ, ವಾಹನಗಳಿಗೆಂದೇ ತಯಾರಾದ ತಂತಿಯ ತುಂಡನ್ನು ಸೇರಿಸಬೇಕು. ಮನೆಯ ವಯರಿಂಗಿನ ಒಂಟಿ ಎಳೆಯ ತಂತಿ ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ.

ನಾಲ್ಕೂ ಜೋಡಣೆಗಳು ಒಂದೇ ಜಾಗದಲ್ಲಿ ಬಾರದಂತೆ ಮೂರು ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಹಿಂದುಮುಂದಾಗಿ ಕತ್ತರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಕಟ್ಟು ದಪ್ಪವಾಗದು, ಒಂದಕ್ಕೊಂದು ತಾಗುವ ಭಯವೂ ಇರದು. ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ತಂತಿಗೆ ಏರಿಸಿ, ತುದಿಯ ಹೊದಿಕೆಯನ್ನು ಆರೇಳು ಮಿಲಿಮೀಟರ್ ಸುಲಿದು, ತಂತಿಯ ಅಳತೆಗೆ ಸರಿಯಾದ ಬಟ್ ಕನೆಕ್ಟರಿನಲ್ಲಿ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಸಾಧಾರಣ ಇಕ್ಕಳದಿಂದ ಜಜ್ಜಿದರೆ ಹಿಡಿತ ಬಾರದು. ಒತ್ತಿದ ನಂತರ ಕೈಯಿಂದ ಗಟ್ಟಿಯಾಗಿ ಎಳೆದು ನೋಡಬೇಕು. ಕಳಚಿ ಬಂದರೆ ಮತ್ತೆ ಮಾಡಬೇಕು. ಆಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬನ್ನು ಬಿಸಿಗಾಳಿಯಿಂದ ಕುಗ್ಗಿಸಿದರೆ ನೀರು ಒಳಗೆ ಹೋಗದು. ಬರಿಯ ಇನ್ಸುಲೇಷನ್ ಟೇಪ್ ಸುತ್ತಿದರೆ ಬಿಸಿಗೆ ಅದರ ಅಂಟು ಬಿಟ್ಟು ಕಳಚಿಕೊಳ್ಳುತ್ತದೆ.

ಕೊನೆಗೆ ತಂತಿಯ ದಾರಿ. ಹಳೆಯ ಕ್ಲಿಪ್ಪುಗಳಲ್ಲೇ ಅದನ್ನು ಕೂರಿಸಬೇಕು. ಮುರಿದಿದ್ದರೆ ಹೊಸದು ಹಾಕಬೇಕು. ಹೊಗೆಕೊಳವೆ, ಫ್ಯಾನು, ಸ್ಟೇರಿಂಗಿನ ಚಲಿಸುವ ಭಾಗಗಳಿಂದ ದೂರವಿರಬೇಕು. ಎಂಜಿನ್ ಅಲುಗುವಾಗ ತಂತಿ ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಡಬೇಕು. ಬಿಸಿಯ ಭಾಗದಲ್ಲಿ ಫೈಬರ್ ಗ್ಲಾಸ್ ತೋಳು ಹಾಕುವುದು ಉತ್ತಮ. ದಾರಿ ಸರಿಪಡಿಸದೆ ತಂತಿಯನ್ನು ಮಾತ್ರ ಜೋಡಿಸಿದರೆ ಅದೇ ಜಾಗದಲ್ಲಿ ಮತ್ತೆ ಸುಡುತ್ತದೆ. ಇಲಿ ಕಡಿದದ್ದಾದರೆ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಅಕ್ಕಿ, ಹಿಂಡಿ, ತೆಂಗಿನಕಾಯಿ ಇಡುವುದನ್ನು ತಪ್ಪಿಸಬೇಕು. ಎಂಜಿನ್ ಕೋಣೆಯಲ್ಲಿ ಗೂಡಿನ ಹುಲ್ಲು ಚಿಂದಿ ಇದ್ದರೆ ತೆಗೆಯಬೇಕು.

ದುರಸ್ತಿ ಫಲಿಸಿದೆಯೇ?

ಸಂಕೇತ ಸಂಖ್ಯೆಯನ್ನು ಅಳಿಸಿ, ಎಂಜಿನ್ ಬಿಸಿಯಾದ ಮೇಲೆ ವೇಗವನ್ನು ನಿಮಿಷಕ್ಕೆ ಸುಮಾರು 2500 ಸುತ್ತಿನಲ್ಲಿರಿಸಿ ಸ್ಕ್ಯಾನರಿನಲ್ಲಿ ನೋಡಬೇಕು. ಮೊದಲ ಸೆನ್ಸರಿನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಹತ್ತು ಸೆಕೆಂಡಿನಲ್ಲಿ ಹಲವು ಬಾರಿ ಏರಿಳಿಯುತ್ತಿದ್ದರೆ ಸರ್ಕ್ಯೂಟ್ ಜೀವಂತವಾಗಿದೆ. ಕನ್ವರ್ಟರಿನ ನಂತರದ ಸೆನ್ಸರ್ ಬಹುತೇಕ ಸ್ಥಿರವಾಗಿರಬೇಕು. ತಂತಿ ಸರಿಯಾಗಿದ್ದೂ ಮೊದಲ ಸೆನ್ಸರಿನ ಏರಿಳಿತ ಮಂದವಾಗಿದ್ದರೆ ಆಗ ಸೆನ್ಸರ್ ಮುಪ್ಪಾಗಿದೆಯೆಂದು ಶಂಕಿಸಬಹುದು.

ಕೊನೆಯ ಪರೀಕ್ಷೆ ಹೊಗೆ ತಪಾಸಣಾ ಕೇಂದ್ರದ್ದು. ನಿಯಮದಂತೆ ಬಿಎಸ್ 2 ಮತ್ತು ಬಿಎಸ್ 3 ಪೆಟ್ರೋಲ್ ಕಾರುಗಳಿಗೆ ಐಡಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.5, ಬಿಎಸ್ 4 ಕಾರುಗಳಿಗೆ ಶೇ. 0.3. ಪ್ರಮಾಣಪತ್ರವಿಲ್ಲದೆ ಓಡಿಸಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶ ನೀಡುತ್ತದೆ.

ದಂಡಕ್ಕಿಂತ ದೊಡ್ಡ ಕಾಳಜಿ ಮಕ್ಕಳದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಧನ ಹೆಚ್ಚು ಸುಡುವ ಎಂಜಿನ್ ಅದನ್ನು ಹೆಚ್ಚು ಉಗುಳುತ್ತದೆ. ಓಮ್ನಿಯಂಥ ವಾಹನದಲ್ಲಿ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೇ. ಹೊಗೆಕೊಳವೆಯಲ್ಲಿ ಸೋರಿಕೆಯಿದ್ದರೆ ಆ ಅನಿಲ ಒಳಗೆ ಸೇರಬಹುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬಾರದು. ನಿಂತ ಕಾರಿನಲ್ಲಿ ಎಂಜಿನ್ ಓಡಿಸಿ ಮಕ್ಕಳನ್ನು ಕಾಯಿಸಬಾರದು. ತಲೆನೋವು, ವಾಕರಿಕೆ ಕಂಡರೆ ತಕ್ಷಣ ಹೊರಗಿನ ಗಾಳಿಗೆ ಕರೆತಂದು ವೈದ್ಯರಿಗೆ ತೋರಿಸಬೇಕು.

ಗ್ಯಾರೇಜಿಗೆ ಹೋದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಸ್ಕ್ಯಾನರಿನಲ್ಲಿ ಬಂದ ಸಂಖ್ಯೆ ಯಾವುದು? ಫ್ಯೂಸ್, ತಂತಿ, ಕನೆಕ್ಟರ್ ಪರೀಕ್ಷಿಸಿದ್ದೀರಾ? ದೋಷವಿರುವುದು ಸೆನ್ಸರ್ ಕಡೆಯಲ್ಲೋ ಕಾರಿನ ಕಡೆಯಲ್ಲೋ? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಐಟಿಐ ಸೇರಬಯಸುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಪಠ್ಯದಲ್ಲಿ ನೀವು ಓದಿದ ವಿಭವಾಂತರವೇ ಗ್ಯಾರೇಜಿನ ವೋಲ್ಟೇಜ್, ರೋಧವೇ ರೆಸಿಸ್ಟೆನ್ಸ್, ವಿದ್ಯುತ್ ಪ್ರವಾಹವೇ ಕರೆಂಟ್. ವಾಹನ ಕಾರ್ಖಾನೆಗಳಿರುವ ಹೊಸೂರಿನಲ್ಲಾಗಲಿ, ಕಾಸರಗೋಡಿನ ಸಣ್ಣ ಗ್ಯಾರೇಜಿನಲ್ಲಾಗಲಿ ಮೆಕ್ಯಾನಿಕ್ ಆಡುವ ಭಾಷೆ ಯಾವುದಾದರೂ ಇರಲಿ, ಬಳಸುವ ಪದಗಳು ಇವೇ. ಕನ್ನಡದಲ್ಲಿ ಪಾಠವನ್ನು ಸರಿಯಾಗಿ ತಿಳಿದವರಿಗೆ ಕಲಿಯಲು ಉಳಿಯುವುದು ಹೆಸರುಗಳು ಮಾತ್ರ, ಅದಕ್ಕೆ ಒಂದು ವಾರ ಸಾಕು.